ತೆರೆಯದ ಕಡತಗಳ ಮುಂದೆ

ಸಾಹಿತ್ಯ ಸಮ್ಮೇಳನದ ಸ್ಮರಣ ಸಂಚಿಕೆಯ ಕೆಲಸ ಆರಂಭವಾಗುವಾಗ ಸಂಘದ ಕಪಾಟನ್ನು ತೆರೆದು ಹಿಂದಿನ ಸಂಚಿಕೆಗಳನ್ನು ತಿರುವಿ ನೋಡುವುದು ನಮ್ಮ ರೂಢಿ. ಈ ಸಲ ಹಾಗೆ ನೋಡುತ್ತಿದ್ದಾಗ ಕಪಾಟಿನ ಕೆಳಗಿನ ಖಾನೆಯಲ್ಲಿ, ಹಳೆಯ ರಸೀದಿ ಪುಸ್ತಕಗಳ ಹಿಂದೆ, ಒಂದು ಬಿಸ್ಕತ್ತಿನ ಡಬ್ಬ ಸಿಕ್ಕಿತು. ಅದರೊಳಗೆ ನಾಲ್ಕು ಫ್ಲಾಪಿಗಳಿದ್ದವು. ಮೇಲಿನ ಚೀಟಿಯಲ್ಲಿ ಶಾಯಿಯಿಂದ ಬರೆದ ಅಕ್ಷರಗಳು ವಯನಾಡಿನ ಮಳೆಗಾಲಗಳ ತೇವಕ್ಕೆ ಹರಡಿಹೋಗಿದ್ದರೂ ‘ಅಮ್ಮನವರ ನೆನಪುಗಳು, ಪೂರ್ತಿ’ ಎಂಬಷ್ಟನ್ನು ಓದಬಹುದಾಗಿತ್ತು. ಈ ಲೇಖನ ಹುಟ್ಟಿದ್ದು ಆ ಡಬ್ಬದಿಂದ.

ಹಳೆಯ ಸದಸ್ಯರಿಗೆ ಆ ನೆನಪುಗಳ ಹಿನ್ನೆಲೆ ತಿಳಿದೇ ಇದೆ. ಹೊಸಬರಿಗಾಗಿ ಹೇಳುವುದಾದರೆ, ಸುಮಾರು ಇಪ್ಪತ್ತು ವರ್ಷಗಳ ಹಿಂದೆ ನಮ್ಮ ನಡುವಿನ ಹಿರಿಯ ತಾಯಿಯೊಬ್ಬರು ತಮ್ಮ ಬಾಲ್ಯದ ಬದುಕನ್ನು ಎರಡು ನೋಟು ಪುಸ್ತಕಗಳ ತುಂಬ ಬರೆದುಕೊಟ್ಟಿದ್ದರು. ಗುಂಡ್ಲುಪೇಟೆಯ ಕಡೆಯಿಂದ ಕಾಡಿನ ದಾರಿಯಲ್ಲಿ ಬತ್ತೇರಿಗೆ ಬಂದ ಗಾಡಿಗಳು, ಗಂಧಸಾಲೆ ಭತ್ತದ ಗದ್ದೆಗಳು, ನಾಟಿಯ ದಿನಗಳ ಊಟ, ಬಸದಿಯ ಹಬ್ಬಗಳು, ಮನೆಯೊಳಗೆ ಕನ್ನಡ ಮತ್ತು ಅಂಗಳ ದಾಟಿದರೆ ಮಲಯಾಳ ಎಂಬ ಎರಡು ನಾಲಗೆಯ ಬಾಳು, ಇವೆಲ್ಲ ಅದರಲ್ಲಿದ್ದವು. ಸಂಚಿಕೆಯಲ್ಲಿ ಸ್ಥಳ ಸಾಲದೆ ನಾಲ್ಕು ಪುಟಗಳನ್ನು ಮಾತ್ರ ಅಚ್ಚು ಹಾಕಿ, ‘ಉಳಿದದ್ದು ಮುಂದಿನ ಸಂಚಿಕೆಯಲ್ಲಿ’ ಎಂದು ಅಡಿಯಲ್ಲಿ ಸೂಚಿಸಿದೆವು. ಮುಂದಿನ ಸಂಚಿಕೆ ಬರುವಷ್ಟರಲ್ಲಿ ಸಮಿತಿ ಬದಲಾಯಿತು, ಆದ್ಯತೆಗಳು ಬದಲಾದವು. ಇಡೀ ಬರಹವನ್ನು ಪೇಟೆಯ ಡಿಟಿಪಿ ಅಂಗಡಿಯೊಂದರಲ್ಲಿ ಬೆರಳಚ್ಚು ಮಾಡಿಸಿ ಆಗಿತ್ತು. ಆದ್ದರಿಂದ ನೋಟು ಪುಸ್ತಕಗಳ ಬಗ್ಗೆ ಯಾರೂ ಚಿಂತಿಸಲಿಲ್ಲ. ಸಂಘದ ಕೊಠಡಿಗೆ ಸುಣ್ಣ ಬಳಿಸುವಾಗ ಗೆದ್ದಲು ಹಿಡಿದ ಕಾಗದಗಳ ಜೊತೆ ಅವೂ ಹೋದವು. ‘ಕಂಪ್ಯೂಟರಿನಲ್ಲಿ ಇದೆಯಲ್ಲ’ ಎಂದು ಆ ದಿನ ಯಾರೋ ಹೇಳಿದ್ದು ನಮ್ಮಲ್ಲಿ ಕೆಲವರಿಗೆ ಈಗಲೂ ನೆನಪಿದೆ. ಹೇಳಿದವರು ಯಾರೇ ಆಗಿರಲಿ, ಒಪ್ಪಿದವರು ನಾವೆಲ್ಲರೂ.

ಆದರೆ ಒಂದು ಮಾತನ್ನು ಮುಚ್ಚಿಡದೆ ಹೇಳಬೇಕು. ಆ ಫ್ಲಾಪಿಗಳನ್ನು ಕಂಡಾಗ ನಮ್ಮಲ್ಲಿ ಮೊದಲು ಎದ್ದದ್ದು ಪಶ್ಚಾತ್ತಾಪವಲ್ಲ, ಉಲ್ಲಾಸ. ಒಬ್ಬರು ಫ್ಲಾಪಿಯ ಲೋಹದ ಬಾಗಿಲನ್ನು ಬೆರಳಿನಿಂದ ಸರಿಸಿ ಬಿಟ್ಟು ಅದರ ಸದ್ದನ್ನು ಕೇಳಿ ನಕ್ಕರು. ಇನ್ನೊಬ್ಬರು ತಮ್ಮ ಕಂಪ್ಯೂಟರ್ ತರಗತಿಯ ದಿನಗಳನ್ನು ತೆಗೆದರು. ಬಾಗಿಲ ಹೊರಗೆ ಚಪ್ಪಲಿ ಬಿಟ್ಟು, ದೇವರ ಕೋಣೆಗೆ ಹೋದಂತೆ ಒಳಗೆ ಹೋಗುತ್ತಿದ್ದುದು. ಒಂದು ಯಂತ್ರಕ್ಕೆ ಮೂವರು ಕುಳಿತುಕೊಳ್ಳುತ್ತಿದ್ದುದು. ಜೂನ್ ತಿಂಗಳ ಗಾಳಿಮಳೆಗೆ ವಿದ್ಯುತ್ ಹೋದಾಗ ಬರೆದದ್ದೆಲ್ಲ ಅಳಿದುಹೋಗುತ್ತಿದ್ದುದು. ಮೇಷ್ಟ್ರು ಆಚೆ ಹೋದೊಡನೆ ಕಪ್ಪು ಪರದೆಯ ಮೇಲೆ ನಾಲ್ಕಕ್ಷರ ಒತ್ತಿ ‘ಡೇವ್’ ಆಟವನ್ನು ಎಬ್ಬಿಸುತ್ತಿದ್ದುದು. ಕೆಂಪು ಟೋಪಿಯ ಆ ಪುಟ್ಟ ಮನುಷ್ಯ ಬಟ್ಟಲನ್ನು ಎತ್ತಿಕೊಂಡರೆ ಮಾತ್ರ ಬಾಗಿಲು ತೆರೆಯುತ್ತಿತ್ತು. ‘ಪ್ರಿನ್ಸ್ ಆಫ್ ಪರ್ಷಿಯಾ’ದ ರಾಜಕುಮಾರನಿಗೆ ಇದ್ದದ್ದು ಅರವತ್ತೇ ನಿಮಿಷ, ಅವನು ಚೂಪಾದ ಮೊಳೆಗಳ ಮೇಲೆ ಬಿದ್ದಾಗ ಮೂವರೂ ಒಟ್ಟಿಗೆ ಕೂಗಿ, ಪಕ್ಕದ ಟೈಪಿಂಗ್ ತರಗತಿಯವರು ಬಂದು ಇಣುಕಿ ನೋಡುತ್ತಿದ್ದರು. ಅರ್ಧ ಗಂಟೆ ಈ ಮಾತುಗಳಲ್ಲೇ ಕಳೆಯಿತು. ಡಬ್ಬದ ಮೇಲಿನ ಚೀಟಿಯನ್ನು ಮತ್ತೆ ಓದಿದ್ದು ಆಮೇಲೆ. ಆಗ ಎಲ್ಲರೂ ಸುಮ್ಮನಾದೆವು.

ಆ ಮೌನದಲ್ಲಿ ಒಂದು ಪ್ರಶ್ನೆ ಇತ್ತು. ಹಳೆಯ ವಸ್ತುಗಳ ಬಗೆಗಿನ ಹಂಬಲ ಒಳ್ಳೆಯದೇ? ಅದು ಹಿಂದಿನವರಿಗೆ ನಾವು ಸಲ್ಲಿಸುವ ಗೌರವವೇ, ಅಥವಾ ಅವರಿಗೆ ಸಲ್ಲಬೇಕಾದದ್ದನ್ನು ಸಲ್ಲಿಸದೆ ನಮ್ಮನ್ನು ನಾವೇ ಸಂತೈಸಿಕೊಳ್ಳುವ ಉಪಾಯವೇ?

ಇಂಗ್ಲಿಷಿನವರು ‘ನಾಸ್ಟಾಲ್ಜಿಯಾ’ ಎನ್ನುವ ಪದವನ್ನು ಕಟ್ಟಿದವನು ಯೊಹಾನೆಸ್ ಹೋಫರ್ ಎಂಬ ವೈದ್ಯಶಾಸ್ತ್ರದ ವಿದ್ಯಾರ್ಥಿ. 1688ರಲ್ಲಿ ಬರೆದ ಪ್ರಬಂಧದಲ್ಲಿ ಅವನು ಮನೆಗೆ ಮರಳುವುದು ಮತ್ತು ನೋವು ಎಂಬ ಅರ್ಥದ ಎರಡು ಗ್ರೀಕ್ ಪದಗಳನ್ನು ಜೋಡಿಸಿದ. ಅವನ ಪಾಲಿಗೆ ಅದು ಒಂದು ರೋಗ. ತಾಯ್ನಾಡನ್ನು ಬಿಟ್ಟು ದೂರ ಹೋದ ಸ್ವಿಟ್ಜರ್ಲೆಂಡಿನವರಲ್ಲಿ ಕಾಣಿಸುತ್ತಿದ್ದ ರೋಗ. ಊರಿಗೆ ಕಳುಹಿಸುವುದೇ ಅದಕ್ಕೆ ಮದ್ದು. ನಮ್ಮ ಹಿರಿಯರು ತವರಿನ ಹಂಬಲ ಎಂದು ಕರೆಯುತ್ತಿದ್ದುದು ಇದನ್ನೇ. ಹೆಗ್ಗಡದೇವನಕೋಟೆಯಿಂದಲೋ ಮೈಸೂರಿನಿಂದಲೋ ಮದುವೆಯಾಗಿ ಈ ಬೆಟ್ಟಗಳ ನಡುವೆ ಬಂದ ಹೆಣ್ಣುಮಕ್ಕಳಿಗೆ ಆ ಹಂಬಲ ಚೆನ್ನಾಗಿ ಗೊತ್ತಿತ್ತು. ಆದರೆ ಅದಕ್ಕೊಂದು ದಾರಿಯೂ ಇತ್ತು. ಮುತ್ತಂಗದ ಕಾಡು ದಾಟಿದರೆ ತವರು ಸಿಗುತ್ತಿತ್ತು. ಕಾಲದ ಹಂಬಲಕ್ಕೆ ಅಂಥ ದಾರಿಯಿಲ್ಲ. 1996ಕ್ಕೆ ಹೋಗುವ ಬಸ್ಸು ಕಲ್ಪೆಟ್ಟದ ನಿಲ್ದಾಣದಿಂದ ಹೊರಡುವುದಿಲ್ಲ.

ಹಾಗಾದರೆ ನಾವು ಹಂಬಲಿಸುವುದು ನಿಜವಾಗಿ ಏನನ್ನು? ಇದನ್ನು ಪರೀಕ್ಷಿಸಲು ಈಗ ಸುಲಭವಾದ ಸಾಧನವಿದೆ. ‘ಇಂಟರ್ನೆಟ್ ಆರ್ಕೈವ್’ ಎಂಬ ಸಂಸ್ಥೆ 2015ರ ಆರಂಭದಲ್ಲಿ ಡಾಸ್ ಕಾಲದ ಎರಡು ಸಾವಿರಕ್ಕೂ ಹೆಚ್ಚು ಆಟಗಳನ್ನು ಇಂದಿನ ಯಂತ್ರಗಳಲ್ಲಿ ಹಾಗೆಯೇ ಆಡುವಂತೆ ಒದಗಿಸಿತು. ಹೊಸ ಗಣಕವು ತಾನೊಂದು ಹಳೆಯ ಗಣಕವೆಂದು ನಟಿಸಿ, ಹಳೆಯ ಆಟವನ್ನು ನಂಬಿಸಿ ನಡೆಸುವ ತಂತ್ರ ಇದರ ಹಿಂದಿದೆ. ನಮ್ಮಲ್ಲಿ ಕೆಲವರು ಆ ರಾತ್ರಿಯೇ ಮನೆಗೆ ಹೋಗಿ ಆಡಿ ನೋಡಿದೆವು. ಅದೇ ಪರದೆ, ಅದೇ ಸಂಗೀತ, ಅದೇ ಬಾಗಿಲು. ಹತ್ತು ನಿಮಿಷದಲ್ಲಿ ಸಾಕೆನಿಸಿತು. ಆಟ ಬದಲಾಗಿರಲಿಲ್ಲ. ಪಕ್ಕದಲ್ಲಿ ಕೂಗುವ ಇಬ್ಬರು ಇರಲಿಲ್ಲ, ಮೇಷ್ಟ್ರು ಬಂದಾರೆಂಬ ಭಯ ಇರಲಿಲ್ಲ, ಮುಂದಿನ ಬದುಕು ಏನಾದರೂ ಆಗಬಹುದೆಂಬ ಹದಿನೈದರ ಹರೆಯ ಇರಲಿಲ್ಲ. ನಾವು ಹಂಬಲಿಸುತ್ತಿದ್ದುದು ಆಟವನ್ನಲ್ಲ, ಆಟವಾಡುತ್ತಿದ್ದ ನಮ್ಮನ್ನು. ಆ ಹಂಬಲದ ದೇವರೂ ನಾವೇ, ಭಕ್ತರೂ ನಾವೇ.

ಇನ್ನೊಂದು ಸಂಗತಿಯನ್ನೂ ಗಮನಿಸಬೇಕು. ಈ ನೆನಪುಗಳು ವಯನಾಡಿನ ಎಲ್ಲರ ನೆನಪುಗಳಲ್ಲ. ಗಂಟೆಗಿಷ್ಟು ಎಂದು ಶುಲ್ಕ ಕೊಟ್ಟು ಕಂಪ್ಯೂಟರ್ ತರಗತಿಗೆ ಹೋಗುತ್ತಿದ್ದವರು ಕಾಫಿ ಕಾಳುಮೆಣಸಿನ ತೋಟವಿದ್ದವರ, ಅಂಗಡಿ ಇದ್ದವರ, ಸರ್ಕಾರಿ ನೌಕರರ ಮಕ್ಕಳು. ನಮ್ಮ ತೋಟಗಳಲ್ಲಿ ದುಡಿದ ಪಣಿಯರ ಮಕ್ಕಳಿಗೆ, ಕನ್ನಡಕ್ಕೆ ಹತ್ತಿರದ ನುಡಿಯಾಡುವ ಬೆಟ್ಟ ಕುರುಬರ ಹಾಡಿಯ ಮಕ್ಕಳಿಗೆ ‘ಡೇವ್’ ಎಂದರೆ ಯಾರೆಂದು ತಿಳಿಯದು. ‘ಆ ಕಾಲ ಎಷ್ಟು ಚೆನ್ನಾಗಿತ್ತು’ ಎಂದು ನಾವು ಹೇಳುವಾಗ, ಯಾರಿಗೆ ಚೆನ್ನಾಗಿತ್ತು ಎಂಬ ಪ್ರಶ್ನೆ ಅದರ ಹಿಂದೆಯೇ ನಿಂತಿರುತ್ತದೆ. ಹಳೆಯ ಕಾಲವನ್ನು ಹೊಗಳುವ ಮಾತುಗಳಲ್ಲಿ ಅನೇಕ ವೇಳೆ ಹಳೆಯ ಅನುಕೂಲಗಳ ಹೊಗಳಿಕೆಯೇ ಅಡಗಿರುತ್ತದೆ.

ಇಷ್ಟು ಹೇಳಿದ ಮೇಲೆ ಹಂಬಲವನ್ನು ಬರಿಯ ದೌರ್ಬಲ್ಯವೆಂದು ತಳ್ಳಿಬಿಡುವುದು ಸುಲಭ. ಆದರೆ ನಮಗೆ ಹಾಗೆ ಮಾಡಲಾಗಲಿಲ್ಲ. ಕಾರಣವನ್ನು ಆ ಆಟಗಳ ಚರಿತ್ರೆಯಿಂದಲೇ ಹೇಳಬಹುದು.

‘ಪ್ರಿನ್ಸ್ ಆಫ್ ಪರ್ಷಿಯಾ’ವನ್ನು ಜೋರ್ಡನ್ ಮೆಕ್ನರ್ ಎಂಬ ತರುಣ ಬಹುಮಟ್ಟಿಗೆ ಒಬ್ಬನೇ ಕುಳಿತು ವರ್ಷಗಳ ಕಾಲ ರಚಿಸಿದ. ರಾಜಕುಮಾರನ ಓಟ ಅಷ್ಟು ಸಹಜವಾಗಿ ಕಾಣಲು ಕಾರಣ, ತನ್ನ ತಮ್ಮ ಓಡುವುದನ್ನೂ ಜಿಗಿಯುವುದನ್ನೂ ಚಿತ್ರೀಕರಿಸಿಕೊಂಡು ಅದರ ಮೇಲೆ ಒಂದೊಂದೇ ಚಿತ್ರವನ್ನು ತಿದ್ದಿದ್ದು. 1989ರಲ್ಲಿ ಆಟ ಬಿಡುಗಡೆಯಾಯಿತು. ಅದರ ಮೂಲ ಸಂಕೇತಗಳು ಕಳೆದುಹೋದವೆಂದೇ ಅವನು ಬಹುಕಾಲ ನಂಬಿದ್ದ. 2012ರಲ್ಲಿ ಅವನ ತಂದೆ ಮನೆಯಲ್ಲಿದ್ದ ಪೆಟ್ಟಿಗೆಯೊಂದನ್ನು ಮಗನಿಗೆ ಕಳುಹಿಸಿದಾಗ ಅದರಲ್ಲಿ ಆ ಫ್ಲಾಪಿಗಳು ಸಿಕ್ಕವು. ಹಳೆಯ ಯಂತ್ರಗಳನ್ನು ಜೋಪಾನ ಮಾಡಿಕೊಂಡಿದ್ದ ಹವ್ಯಾಸಿಗಳು ಬಂದು ಅವನ್ನು ಓದಿಕೊಟ್ಟರು. ಅವನು ಅದನ್ನು ಪೆಟ್ಟಿಗೆಗೆ ಮರಳಿ ಹಾಕದೆ ಎಲ್ಲರೂ ನೋಡುವಂತೆ ಪ್ರಕಟಿಸಿದ. ಇದು ಎಲ್ಲ ಆಟಗಳ ಭಾಗ್ಯವಲ್ಲ. ಅಮೆರಿಕದಲ್ಲಿ 2010ಕ್ಕೆ ಮುಂಚೆ ಬಿಡುಗಡೆಯಾದ ಆಟಗಳಲ್ಲಿ ಶೇಕಡಾ 87ರಷ್ಟು ಈಗ ಮಾರುಕಟ್ಟೆಯಲ್ಲಿ ದೊರೆಯುವುದಿಲ್ಲವೆಂದು ‘ವಿಡಿಯೋ ಗೇಮ್ ಹಿಸ್ಟರಿ ಫೌಂಡೇಶನ್’ 2023ರ ಅಧ್ಯಯನದಲ್ಲಿ ತೋರಿಸಿದೆ. ಒಂದೊಂದು ಆಟದ ಹಿಂದೆಯೂ ಯಾರದೋ ರಾತ್ರಿಗಳ ನಿದ್ದೆ, ಯಾರದೋ ತಮ್ಮನ ಓಟ ಇದೆ. ವಸ್ತು ಚಿಕ್ಕದಾದ ಮಾತ್ರಕ್ಕೆ ಅದರೊಳಗಿನ ಮನುಷ್ಯ ಪ್ರಯತ್ನ ಚಿಕ್ಕದಾಗುವುದಿಲ್ಲ.

ನಮ್ಮ ಫ್ಲಾಪಿಗಳನ್ನು ತೆರೆದುಕೊಟ್ಟವನೂ ಅಂಥ ಒಬ್ಬ ಹವ್ಯಾಸಿಯೇ. ನಮ್ಮ ಸದಸ್ಯರೊಬ್ಬರ ಮಗ, ಕಾಲೇಜು ವಿದ್ಯಾರ್ಥಿ. ತಾನು ಹುಟ್ಟುವ ಮೊದಲೇ ಹಳತಾಗಿಹೋಗಿದ್ದ ಆಟಗಳನ್ನು ಹುಡುಕಿ ಆಡುವುದು ಅವನ ಗೀಳು. ‘ಓದುವುದನ್ನು ಬಿಟ್ಟು ಇದೇನು’ ಎಂದು ಮನೆಯವರಿಂದ ಬೈಸಿಕೊಂಡವನು. ಅವನಿಗೆ ಆ ಕಾಲದ ನೆನಪಿಲ್ಲ, ಆದ್ದರಿಂದ ಅವನದು ಹಂಬಲವೂ ಅಲ್ಲ, ಅವನದು ಕುತೂಹಲ. ಯುಎಸ್‌ಬಿಗೆ ಜೋಡಿಸುವ ಫ್ಲಾಪಿ ಡ್ರೈವ್ ಅವನಲ್ಲಿತ್ತು. ನಾಲ್ಕರಲ್ಲಿ ಎರಡು ಫ್ಲಾಪಿಗಳು ಬೂಷ್ಟು ಹಿಡಿದು ಓದಲಾರದಂತಾಗಿದ್ದವು. ಉಳಿದೆರಡರಿಂದ ಕಡತಗಳು ಹೊರಬಂದವು. ತೆರೆದಾಗ ಪರದೆಯ ಮೇಲೆ ಕನ್ನಡವಿರಲಿಲ್ಲ. ಇಂಗ್ಲಿಷಿನ ಪಿ ಮತ್ತು ಕ್ಯೂ ಅಕ್ಷರಗಳು, ಪೌಂಡಿನ ಗುರುತು, ನೆತ್ತಿಯ ಮೇಲೆ ಗೀಟು ಹೊತ್ತ ಎ ಅಕ್ಷರ, ಇವುಗಳ ಸಾಲು ಸಾಲು ಜಾತ್ರೆ.

“ಕಡತ ಹಾಳಾಗಿದೆಯೇನಪ್ಪ?” ಎಂದು ಕೇಳಿದೆವು.

“ಇಲ್ಲ ಮಾವ, ಕಡತ ಸರಿಯಾಗಿಯೇ ಇದೆ. ಈ ಯಂತ್ರದಲ್ಲಿ ಆ ಫಾಂಟ್ ಇಲ್ಲ, ಅಷ್ಟೆ” ಎಂದ.

ಅದರ ಕಾರಣವನ್ನು ನಮ್ಮ ಓದುಗರು ತಿಳಿಯುವುದು ಒಳ್ಳೆಯದು, ಏಕೆಂದರೆ ಅನೇಕರ ಮನೆಗಳಲ್ಲಿ ಇಂಥ ಕಡತಗಳಿರಬಹುದು. ಗಣಕಕ್ಕೆ ಅಕ್ಷರ ಗೊತ್ತಿಲ್ಲ, ಸಂಖ್ಯೆ ಮಾತ್ರ ಗೊತ್ತು. ಆಗಿನ ಯಂತ್ರಗಳಲ್ಲಿ ಆ ಸಂಖ್ಯೆಗಳೆಲ್ಲ ಇಂಗ್ಲಿಷ್ ಮತ್ತು ಐರೋಪ್ಯ ಅಕ್ಷರಗಳಿಗೆ ಮೀಸಲಾಗಿದ್ದವು. ನಮ್ಮವರು ಒಂದು ಉಪಾಯ ಮಾಡಿದರು. ಇಂಗ್ಲಿಷ್ ಅಕ್ಷರದ ಮನೆಯಲ್ಲಿ ಕನ್ನಡ ಅಕ್ಷರದ ಆಕಾರವನ್ನು, ಎಷ್ಟೋ ಕಡೆ ಅಕ್ಷರದ ಒಂದು ತುಂಡನ್ನು, ಕೂರಿಸಿದರು. ಆ ಫಾಂಟ್ ಇರುವವರೆಗೆ ಕನ್ನಡ ಕಾಣುತ್ತದೆ. ಫಾಂಟ್ ತೆಗೆದರೆ ಮನೆಯ ಮೂಲ ಯಜಮಾನ ಹೊರಗೆ ಬಂದು ನಿಲ್ಲುತ್ತಾನೆ. 1991ರಲ್ಲಿ ಬಂದ ಯೂನಿಕೋಡ್ ಪಟ್ಟಿಯಲ್ಲಿ ಕನ್ನಡಕ್ಕೆ ಸ್ವಂತ ಮನೆಗಳು ದೊರೆತವು. ಅದರಲ್ಲಿ ‘ಕ’ ಅಕ್ಷರದ ಸಂಖ್ಯೆ 3221. ಲೋಕದ ಯಾವ ಯಂತ್ರದಲ್ಲೂ ಅದು ‘ಕ’ ಮಾತ್ರ. ಆದರೆ ಆ ಪಟ್ಟಿ ನಮ್ಮ ಪೇಟೆಯ ಡಿಟಿಪಿ ಅಂಗಡಿಗಳಿಗೆ ತಲುಪಲು ಬಹಳ ವರ್ಷಗಳೇ ಹಿಡಿದವು.

ಇದಕ್ಕಾಗಿ ಹಿಂದಿನವರನ್ನು ದೂರುವುದು ಕೃತಘ್ನತೆ. ಕನ್ನಡವನ್ನು ಉಚ್ಚಾರದ ತರ್ಕಕ್ಕೆ ತಕ್ಕಂತೆ ಸಾಮಾನ್ಯ ಕೀಲಿಮಣೆಯಲ್ಲೇ ಬರೆಯುವ ವಿನ್ಯಾಸವನ್ನು ಕೆ. ಪಿ. ರಾವ್ ಅವರು ರೂಪಿಸಿದರು. ತಮ್ಮ ತಂತ್ರಾಂಶಕ್ಕೆ ಸೇಡಿಯಾಪು ಕೃಷ್ಣಭಟ್ಟರ ಹೆಸರಿಟ್ಟರು. 1998ರಲ್ಲಿ ಶೇಷಾದ್ರಿವಾಸು ಅವರ ‘ಬರಹ’ ಬಂತು. ಕನ್ನಡ ಗಣಕ ಪರಿಷತ್ತು ಸಿದ್ಧಪಡಿಸಿದ ‘ನುಡಿ’ಯನ್ನು ಕರ್ನಾಟಕ ಸರ್ಕಾರ ಉಚಿತವಾಗಿ ಹಂಚಿತು. ಕರ್ನಾಟಕದ ಹೊರಗಿದ್ದ ನಮ್ಮಂಥವರಿಗೆ ಇವು ಬರಿಯ ತಂತ್ರಾಂಶಗಳಾಗಿರಲಿಲ್ಲ. ಕನ್ನಡ ಅಚ್ಚುಮೊಳೆ ಇದ್ದ ಮುದ್ರಣಾಲಯಕ್ಕಾಗಿ ಮೈಸೂರಿಗೆ ಹೋಗಬೇಕಾಗಿದ್ದ ಕಾಲದಲ್ಲಿ, ಇಲ್ಲಿಯೇ ಕುಳಿತು ಕನ್ನಡದ ಆಹ್ವಾನ ಪತ್ರಿಕೆಯೊಂದನ್ನು ಸಿದ್ಧಮಾಡಿದ ದಿನ ಸಂಘದಲ್ಲಿ ಪಾಯಸ ಹಂಚಿದ್ದೆವು. ಆ ತಂತ್ರಾಂಶಗಳ ಬಗ್ಗೆ ನಮಗಿರುವ ಪ್ರೀತಿ ಸುಳ್ಳಲ್ಲ. ಅವು ತಾತ್ಕಾಲಿಕ ಸೇತುವೆಗಳಾಗಿದ್ದವು. ತಪ್ಪು ಸೇತುವೆ ಕಟ್ಟಿದವರದ್ದಲ್ಲ. ಸೇತುವೆಯ ಮೇಲೆಯೇ ಸಾಮಾನು ಇಳಿಸಿ ಮನೆಗೆ ಹೋದ ನಮ್ಮದು.

ಎಡಕ್ಕಲ್ ಗುಹೆಯನ್ನು ನಮ್ಮಲ್ಲಿ ನೋಡದವರಿಲ್ಲ. ನೆಂಟರು ಬಂದಾಗಲೆಲ್ಲ ಅಂಬುಕುತ್ತಿ ಬೆಟ್ಟ ಹತ್ತಿದವರೇ ನಾವು. 1890ರ ದಶಕದಲ್ಲಿ ಪೊಲೀಸ್ ಅಧಿಕಾರಿ ಫ್ರೆಡ್ ಫಾಸೆಟ್ ಹೊರಜಗತ್ತಿನ ಗಮನಕ್ಕೆ ತಂದ ಆ ಬಂಡೆಯ ಗೀಚುಗಳು ಸಾವಿರಾರು ವರ್ಷ ಹಳೆಯವು. ಅವನ್ನು ನೋಡಲು ಯಂತ್ರ ಬೇಕಿಲ್ಲ, ಬೆಳಕು ಸಾಕು. ನಮ್ಮ ಫ್ಲಾಪಿ ಇಪ್ಪತ್ತೇ ವರ್ಷಕ್ಕೆ ಮೂಕವಾಯಿತು. ಇಂಗ್ಲೆಂಡಿನಲ್ಲಿಯೂ ಹೀಗಾಯಿತು. 1086ರಲ್ಲಿ ಅಲ್ಲಿಯ ರಾಜ ಮಾಡಿಸಿದ ‘ಡೂಮ್ಸ್‌ಡೇ’ ಎಂಬ ಭೂಮಿಯ ಲೆಕ್ಕದ ಪುಸ್ತಕವನ್ನು ಇಂದಿಗೂ ತೆರೆದು ಓದಬಹುದು. ಅದರ ಒಂಬೈನೂರನೆಯ ವರ್ಷದ ನೆನಪಿಗೆ 1986ರಲ್ಲಿ ಬಿಬಿಸಿ ಲಕ್ಷಾಂತರ ಜನರ ನೆರವಿನಿಂದ ಲೇಸರ್ ತಟ್ಟೆಯ ಮೇಲೆ ದಾಖಲೆ ಮಾಡಿತು. ಹದಿನೈದು ವರ್ಷ ಕಳೆಯುವಷ್ಟರಲ್ಲಿ ಅದನ್ನು ಓದುವ ಯಂತ್ರಗಳೇ ಅಪರೂಪವಾಗಿ, ಅದನ್ನು ಉಳಿಸಿಕೊಳ್ಳಲು ವಿದ್ವಾಂಸರು ಹೆಣಗಬೇಕಾಯಿತು.

ಆದರೆ ಎಡಕ್ಕಲ್ ಇನ್ನೊಂದು ಪಾಠವನ್ನೂ ಹೇಳುತ್ತದೆ. ಬಂಡೆಯ ಮೇಲಿನ ಬ್ರಾಹ್ಮೀ ಬರಹಗಳನ್ನು ವಿದ್ವಾಂಸರು ಓದಿದ್ದಾರೆ. ಅದಕ್ಕಿಂತ ಹಳೆಯ ಆ ಮನುಷ್ಯಾಕೃತಿಗಳು ಏನು ಹೇಳುತ್ತಿವೆಯೆಂದು ಯಾರೂ ಖಚಿತವಾಗಿ ಹೇಳಲಾರರು. ಕಲ್ಲು ಉಳಿಯಿತು, ಕಾಣುತ್ತದೆ, ಆದರೆ ಹೇಳುವವರು ಉಳಿಯಲಿಲ್ಲ. ಹೀಗೆ ನೋಡಿದರೆ ಹಿಂದಿನದು ನಮ್ಮನ್ನು ತಲುಪಲು ಮೂರು ಬೇಕು. ವಸ್ತು ಉಳಿಯಬೇಕು, ಅದನ್ನು ತೆರೆಯುವ ಸಾಧನ ಉಳಿಯಬೇಕು, ಅದರ ಅರ್ಥ ಬಲ್ಲವರು ಉಳಿಯಬೇಕು. ನಮ್ಮ ಹಂಬಲ ಸಾಮಾನ್ಯವಾಗಿ ಮೊದಲನೆಯದಕ್ಕೇ ತೃಪ್ತಿಪಡುತ್ತದೆ. ಫ್ಲಾಪಿಯನ್ನು ಡಬ್ಬದಲ್ಲಿಟ್ಟು ಉಳಿಸಿದೆವೆಂದು ತಿಳಿಯುತ್ತದೆ.

ಈ ಭೇದವನ್ನು ನಮ್ಮ ನಾಡಿನ ಜೈನ ಪರಂಪರೆ ಬಹಳ ಹಿಂದೆಯೇ ಕಂಡುಕೊಂಡಿತ್ತು. ಬಯಲ್ನಾಡೆಂದು ಕನ್ನಡ ಶಾಸನಗಳು ಕರೆಯುವ ಈ ನೆಲಕ್ಕೆ ಆ ಪರಂಪರೆ ಹೊಸದೇನಲ್ಲ; ಬತ್ತೇರಿಯ ಕಲ್ಲಿನ ಬಸದಿ, ಕಲ್ಪೆಟ್ಟದ ಬಳಿಯ ಪುಳಿಯಾರಮಲೆಯ ಅನಂತನಾಥ ಸ್ವಾಮಿಯ ಗುಡಿ ನಮ್ಮ ಕಣ್ಣೆದುರಿಗೇ ಇವೆ. ಆಹಾರ, ಅಭಯ, ಔಷಧಗಳ ದಾನಕ್ಕೆ ಸಮನಾಗಿ ಆ ಪರಂಪರೆ ಶಾಸ್ತ್ರದಾನವನ್ನು ಇಟ್ಟಿತು. ಹತ್ತನೆಯ ಶತಮಾನದ ಕೊನೆಯಲ್ಲಿದ್ದ ದಾನಚಿಂತಾಮಣಿ ಅತ್ತಿಮಬ್ಬೆ ಪೊನ್ನನ ‘ಶಾಂತಿಪುರಾಣ’ದ ಒಂದು ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳು. ಕಾವ್ಯವನ್ನು ಪ್ರೀತಿಸಿದ ಆಕೆ ಇದ್ದ ಒಂದು ಪ್ರತಿಯನ್ನು ರೇಷ್ಮೆಯಲ್ಲಿ ಸುತ್ತಿ ಪೆಟ್ಟಿಗೆಯಲ್ಲಿಡಬಹುದಿತ್ತು. ತಾಳೆಗರಿ ಹುಳು ಹಿಡಿಯುವುದೆಂದು ಆಕೆಗೆ ತಿಳಿದಿತ್ತು. ಗರಿಯನ್ನು ಕಾಯುವುದಕ್ಕಿಂತ ಹೊಸ ಗರಿಗೆ ಇಳಿಸುವುದೇ ಕಾವ್ಯವನ್ನು ಕಾಯುವ ಬಗೆ ಎಂದೂ ತಿಳಿದಿತ್ತು. ಇನ್ನೊಂದು ಕಡೆ, ಹಳಗನ್ನಡ ಲಿಪಿಯ ಧವಳ ಗ್ರಂಥಗಳು ಮೂಡಬಿದಿರೆಯಲ್ಲಿ ಶತಮಾನಗಳ ಕಾಲ ಭದ್ರವಾಗಿದ್ದು ಭಕ್ತರ ದರ್ಶನಕ್ಕೆ ದೊರೆಯುತ್ತಿದ್ದವು, ಪೂಜೆಗೊಳ್ಳುತ್ತಿದ್ದವು, ಓದುವವರು ವಿರಳ. ಪ್ರತಿಯಾಗಿ, 1939ರಿಂದ ಅಚ್ಚಾಗತೊಡಗಿದ ಮೇಲೆಯೇ ಅವು ಲೋಕದ ಓದಿಗೆ ಬಂದವು. ಕಾಪಾಡಿದವರ ಶ್ರದ್ಧೆ ದೊಡ್ಡದು. ಅವರಿಲ್ಲದಿದ್ದರೆ ಪ್ರತಿ ಮಾಡಲು ಗ್ರಂಥವೇ ಇರುತ್ತಿರಲಿಲ್ಲ. ಆದರೂ ಪೂಜೆ ಒಂದು ನಿಲುಗಡೆ, ಓದು ಅದರ ಮುಂದಿನ ಪಯಣ.

ಹಳೆಯದನ್ನು ಬಯಸುವುದು ಹಿಂದಕ್ಕೆ ನಡೆಯುವುದೆಂದು ಹೇಳುವವರಿಗೆ ನಮ್ಮ ನೆರೆಭಾಷೆಯ ಉದಾಹರಣೆಯೊಂದಿದೆ. ಬೆರಳಚ್ಚು ಯಂತ್ರದ ಮಿತಿಗೆ ಹೊಂದಿಸಲು 1971ರಲ್ಲಿ ಕೇರಳ ಸರ್ಕಾರ ಮಲಯಾಳ ಲಿಪಿಯನ್ನು ಸರಳಗೊಳಿಸಿತು, ಒತ್ತಕ್ಷರಗಳು ಬಿಡಿಬಿಡಿಯಾದವು. ಯಂತ್ರಕ್ಕಾಗಿ ಲಿಪಿ ಬಾಗಿತು. ತೊಂಬತ್ತರ ದಶಕದ ಕೊನೆಯಲ್ಲಿ ಆರ್. ಚಿತ್ರಜಕುಮಾರ್, ಕೆ. ಎಚ್. ಹುಸೇನ್ ಮೊದಲಾದವರು ‘ರಚನ’ ಎಂಬ ಹೆಸರಿನಲ್ಲಿ ಹಳೆಯ ಲಿಪಿಯನ್ನು ಗಣಕಕ್ಕೆ ತಂದರು. ಟೈಪ್‌ರೈಟರಿಗೆ ಸಾಧ್ಯವಾಗದ ಅಕ್ಷರಗಳು ಗಣಕಕ್ಕೆ ಸಾಧ್ಯವೆಂದು ತೋರಿಸಿದರು. ಇಂದು ನಮ್ಮ ಮಕ್ಕಳು ಓದುವ ಎಷ್ಟೋ ಮಲಯಾಳ ಪುಸ್ತಕಗಳಲ್ಲಿ ಆ ಹಳೆಯ ರೂಪಗಳು ಮರಳಿ ಬಂದಿವೆ. ಅವರದೂ ಹಂಬಲವೇ. ಆದರೆ ಅವರು ಹಳಹಳಿಸುತ್ತ ಕೂರಲಿಲ್ಲ. ನೂರಾರು ಅಕ್ಷರಗಳನ್ನು ಒಂದೊಂದಾಗಿ ಬರೆದರು.

ಇಲ್ಲಿ ಒಂದು ನ್ಯಾಯವಾದ ಆಕ್ಷೇಪವಿದೆ. ಎಲ್ಲವನ್ನೂ ಉಳಿಸಬೇಕೇ? ಮರೆವೂ ಒಂದು ವರವಲ್ಲವೇ? ಪ್ರತಿ ಆಟ, ಪ್ರತಿ ಕಡತ, ಪ್ರತಿ ಫೋಟೋವನ್ನು ಹೊಸ ಯಂತ್ರಕ್ಕೆ ಹೊತ್ತು ಸಾಗಿಸುತ್ತ ಹೋದರೆ ಬದುಕುವುದು ಯಾವಾಗ? ಈ ಆಕ್ಷೇಪವನ್ನು ನಾವು ಒಪ್ಪುತ್ತೇವೆ. ಹುಲ್ಲಿನ ಮಾಡಿನ ಮನೆಗಳಿದ್ದ ಕಾಲದಲ್ಲಿ ಮಳೆಗೆ ಮುನ್ನ ಹಳೆಯ ಹುಲ್ಲು ತೆಗೆದು ಹೊಸ ಹುಲ್ಲು ಹೊದಿಸುತ್ತಿದ್ದರು. ಹಳೆಯ ಹುಲ್ಲಿಗಾಗಿ ಯಾರೂ ಅಳಲಿಲ್ಲ, ಅದು ಗೊಬ್ಬರದ ಗುಂಡಿಗೆ ಹೋಯಿತು. ಮಾಡು ಮುಖ್ಯವಾಗಿತ್ತು. ನಮ್ಮ ಸ್ವಂತದ್ದನ್ನು ಮರೆಯುವ ಹಕ್ಕು ನಮಗಿದೆ. ಡೇವ್ ಆಟದಲ್ಲಿ ನಾವು ಗಳಿಸಿದ ಅಂಕಗಳು ಅಳಿದರೆ ನಷ್ಟವಿಲ್ಲ.

ಆದರೆ ಬೇರೊಬ್ಬರು ನಂಬಿ ಕೈಯಲ್ಲಿಟ್ಟದ್ದು ನಮ್ಮ ಸ್ವಂತದ್ದಲ್ಲ. ಅದನ್ನು ನಮ್ಮ ಧರ್ಮಶಾಸ್ತ್ರಗಳು ನ್ಯಾಸ ಎಂದು ಕರೆದವು, ಹಳ್ಳಿಗಳಲ್ಲಿ ಇಡುಗಂಟು ಎಂದರು. ಇಡುಗಂಟಿನ ನಿಯಮ ಸರಳ. ಇಟ್ಟುಕೊಂಡವನು ಅದನ್ನು ಬಳಸುವಂತಿಲ್ಲ, ಕಳೆಯುವಂತಿಲ್ಲ, ಕೇಳಿದಾಗ ಉಪಯೋಗಕ್ಕೆ ಬರುವ ಸ್ಥಿತಿಯಲ್ಲಿ ಹಿಂದಿರುಗಿಸಬೇಕು. ಭತ್ತವನ್ನು ಇಟ್ಟುಕೊಂಡವನು ಹುಳು ತಿಂದ ಹೊಟ್ಟನ್ನು ಕೊಟ್ಟು ‘ಚೀಲ ಭದ್ರವಾಗಿದೆ’ ಎಂದರೆ ಯಾರೂ ಒಪ್ಪರು. ಆ ತಾಯಿಯ ಎರಡು ನೋಟು ಪುಸ್ತಕಗಳು ಅಂಥ ಇಡುಗಂಟು. ನಾವು ಚೀಲವನ್ನು ಕಾಯ್ದೆವು. ಇದೇ ನಮಗೆ ಹೊಳೆದ ಅಳತೆಗೋಲು. ನಮ್ಮ ಸುಖಕ್ಕಾಗಿ ಹಂಬಲಿಸುವುದು ಇಷ್ಟದ ವಿಷಯ. ಬೇರೊಬ್ಬರ ಮಾತನ್ನು ಓದಿಸಿಕೊಳ್ಳುವಂತೆ ಇಡುವುದು ಕರ್ತವ್ಯ. ಹಂಬಲ ಕರ್ತವ್ಯದ ಬಾಗಿಲವರೆಗೆ ಕರೆದೊಯ್ದರೆ ಒಳ್ಳೆಯದು. ಬಾಗಿಲ ಹೊರಗೇ ಕೂರಿಸಿ ಹರಟೆ ಹೊಡೆಸಿದರೆ ಅದು ನಮ್ಮನ್ನು ವಂಚಿಸಿತೆಂದೇ ಅರ್ಥ.

ಈಗ ಫಲವನ್ನು ಹೇಳಬೇಕು. ಆ ಹುಡುಗ ಹಳೆಯ ಫಾಂಟನ್ನು ಹುಡುಕಿ ತಂದ. ಸ್ವಯಂಸೇವಕರು ಮಾಡಿಟ್ಟಿರುವ ಪರಿವರ್ತಕದಿಂದ ಅಕ್ಷರಗಳನ್ನು ಯೂನಿಕೋಡಿಗೆ ಇಳಿಸಿದ. ಅರ್ಕಾವೊತ್ತು ಬಂದಲ್ಲಿ ಅಕ್ಷರಗಳು ಹಿಂದುಮುಂದಾದವು, ಏಕೆಂದರೆ ಹಳೆಯ ಪದ್ಧತಿ ಕಣ್ಣಿಗೆ ಕಾಣುವ ಕ್ರಮದಲ್ಲಿ ಬರೆಯುತ್ತದೆ, ಹೊಸದು ಉಚ್ಚರಿಸುವ ಕ್ರಮದಲ್ಲಿ. ನಾವು ನಾಲ್ಕು ಭಾನುವಾರ ಕುಳಿತು ಸಾಲು ಸಾಲಾಗಿ ತಿದ್ದಿದೆವು. ಸುಮಾರು ಅರವತ್ತು ಪುಟಗಳ ಬರಹದಲ್ಲಿ ಇಪ್ಪತ್ತೇಳು ದೊರೆತಿವೆ. ಗಾಡಿಯ ಪಯಣ ಇದೆ, ಗದ್ದೆ ಇದೆ. ಹಬ್ಬಗಳು ಇಲ್ಲ. ಆಕೆಯ ಮದುವೆಯ ವರ್ಷಗಳು ಇಲ್ಲ.

ದೊರೆತ ಪುಟಗಳಲ್ಲಿ ಒಂದು ಪದವಿದೆ. ಗದ್ದೆಯ ಕೆಲಸದ ಯಾವುದೋ ಸಾಧನದ ಹೆಸರೆಂದು ಸಂದರ್ಭದಿಂದ ತಿಳಿಯುತ್ತದೆ. ನಮ್ಮಲ್ಲಿ ಯಾರಿಗೂ ಆ ಪದ ಗೊತ್ತಿಲ್ಲ. ನಿಘಂಟಿನಲ್ಲಿ ಸಿಗಲಿಲ್ಲ. ಅದು ಆ ಮನೆತನದ ಬಾಯಲ್ಲಿ ಮಾತ್ರ ಉಳಿದಿದ್ದ ಹಳೆಯ ಕನ್ನಡ ಪದವೋ, ಪರಿವರ್ತಕ ಕೆಡಿಸಿದ ಸಾಮಾನ್ಯ ಪದವೋ, ಡಿಟಿಪಿ ಅಂಗಡಿಯಲ್ಲಾದ ಬೆರಳಚ್ಚಿನ ತಪ್ಪೋ ಹೇಳಲಾಗದು. ನೋಟು ಪುಸ್ತಕವಿದ್ದಿದ್ದರೆ ನೋಡಬಹುದಿತ್ತು. ಆ ತಾಯಿ ಇದ್ದಿದ್ದರೆ ಕೇಳಬಹುದಿತ್ತು. ಅವರು ತೀರಿಕೊಂಡು ಎಂಟು ವರ್ಷವಾಯಿತು. ಆ ಪದವನ್ನು ಇಲ್ಲಿ ಅಚ್ಚು ಹಾಕಲು ನಮಗೆ ಮನಸ್ಸು ಬಾರದು. ತಪ್ಪಾಗಿದ್ದರೆ ತಪ್ಪೇ ಸ್ಥಿರವಾದೀತು.

ಪುಟಗಳನ್ನು ಅವರ ಮೊಮ್ಮಗಳಿಗೆ ಕಳುಹಿಸಿದೆವು. ಆಕೆ ಬೆಂಗಳೂರಿನಲ್ಲಿದ್ದಾಳೆ, ಮಲಯಾಳ ಮಾಧ್ಯಮದಲ್ಲಿ ಓದಿದವಳು, ಕನ್ನಡ ಮಾತನಾಡಬಲ್ಲಳು, ಓದಲು ಬಾರದು. “ಮಾವ, ನೀವು ಓದಿ ಧ್ವನಿ ಮುದ್ರಿಸಿ ಕಳಿಸುತ್ತೀರಾ? ಅಜ್ಜಿ ಮಾತಾಡಿದ ಹಾಗೆ ಓದಿ” ಎಂದು ಕೇಳಿದಳು. ಆ ಕೋರಿಕೆ ನಮ್ಮನ್ನು ಮೂರನೆಯ ಸಂಗತಿಗೆ ತಂದು ನಿಲ್ಲಿಸಿತು. ಕಡತ ತೆರೆಯಿತು, ಅಕ್ಷರ ಮೂಡಿತು. ಈಗ ಓದುವವರ ಸರದಿ. ವಯನಾಡಿನ ಕನ್ನಡ ಮನೆಗಳಲ್ಲಿ ಮಾತು ಇನ್ನೂ ಇದೆ, ಅಕ್ಷರ ಕರಗುತ್ತಿದೆ. ಮಕ್ಕಳು ಮಲಯಾಳ ಕಲಿಯುವುದು ತಪ್ಪಲ್ಲ, ಅದು ಈ ನೆಲದ ಭಾಷೆ, ನಮ್ಮದೂ ಹೌದು. ಆದರೆ ಅಜ್ಜಿಯ ಬರಹದ ಮುಂದೆ ಮೊಮ್ಮಗಳು, ಫಾಂಟಿಲ್ಲದ ಯಂತ್ರದ ಮುಂದೆ ನಾವು ನಿಂತಂತೆ ನಿಲ್ಲಬಾರದು.

ಆದ್ದರಿಂದ ಸಂಘ ಮೂರು ಕೆಲಸಗಳನ್ನು ಕೈಗೆತ್ತಿಕೊಂಡಿದೆ. ಸದಸ್ಯರ ಮನೆಗಳಲ್ಲಿರುವ ಹಳೆಯ ಫ್ಲಾಪಿ, ಸಿಡಿ, ಧ್ವನಿಸುರುಳಿಗಳನ್ನು ತಂದುಕೊಟ್ಟರೆ ಆ ಹುಡುಗನೂ ಅವನ ಗೆಳೆಯರೂ ಹೊಸ ರೂಪಕ್ಕೆ ಇಳಿಸಿಕೊಡುವರು. ಮೂಲವನ್ನು ಯಾವ ಕಾರಣಕ್ಕೂ ಎಸೆಯಲಾಗದು. ಎಂಬತ್ತು ದಾಟಿದ ಹಿರಿಯರ ಮಾತುಗಳನ್ನು ಈ ವರ್ಷವೇ ಮುದ್ರಿಸಿಕೊಳ್ಳಲಾಗುವುದು; ತಿಳಿಯದ ಪದಗಳ ಅರ್ಥವನ್ನು ಅವರಿಂದಲೇ ಕೇಳಿ ಬರೆದಿಡಲಾಗುವುದು. ಭಾನುವಾರಗಳಂದು ಮಕ್ಕಳಿಗೂ, ಬಯಸುವ ದೊಡ್ಡವರಿಗೂ ಕನ್ನಡ ಅಕ್ಷರ ಕಲಿಸಲಾಗುವುದು. ಮೊದಲ ತರಗತಿಯ ನಂತರ ಸಂಘದ ಗಣಕದಲ್ಲಿ ಮಕ್ಕಳಿಗೆ ‘ಡೇವ್’ ಆಡಲು ಬಿಡುವುದೆಂದೂ ತೀರ್ಮಾನವಾಗಿದೆ. ಇದು ನಮ್ಮ ಹುಡುಗನ ಸಲಹೆ. ವಿರೋಧಿಸಲು ನಮಗೆ ಬಾಯಿ ಬರಲಿಲ್ಲ.

ಮೊಮ್ಮಗಳಿಗಾಗಿ ಧ್ವನಿ ಮುದ್ರಿಸುವಾಗ ಆ ತಿಳಿಯದ ಪದ ಬಂದಾಗ ಓದುತ್ತಿದ್ದವರು ಒಂದು ಕ್ಷಣ ನಿಂತರು. ಆಮೇಲೆ ಇದ್ದಂತೆಯೇ ಓದಿದರು. ಅದರ ಅರ್ಥ ಬಲ್ಲವರು ಈ ಸಂಚಿಕೆಯ ಓದುಗರಲ್ಲಿ ಯಾರಾದರೂ ಇದ್ದರೆ, ಅಥವಾ ಮನೆಯಲ್ಲಿ ಗದ್ದೆಯ ಕೆಲಸ ಬಲ್ಲ ಹಿರಿಯರಿದ್ದರೆ, ದಯವಿಟ್ಟು ಒಮ್ಮೆ ಸಂಘಕ್ಕೆ ಬಂದು ಆ ಪುಟವನ್ನು ನೋಡಬೇಕೆಂದು ವಿನಂತಿ.